ಜರಗನಹಳ್ಳಿಗೆ ಬಂದ ಹಡಗಿನ ಹಲಗೆಗಳು

ಆ ಭಾನುವಾರ ಬೆಳಿಗ್ಗೆ ಜರಗನಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಮನೆಯ ಎರಡನೇ ಮಹಡಿಯ ಮೇಲೆ ನಾವು ಐದು ಜನ ಸೇರಿದ್ದೆವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ದೊಡ್ಡಪ್ಪ, ತಟ್ಟೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ದೊಡ್ಡಮ್ಮ, ಮೂವತ್ತು ವರ್ಷದಿಂದ ನಮ್ಮ ಮನೆತನದ ಬಾಗಿಲು ಕಿಟಕಿಗಳನ್ನೆಲ್ಲ ಮಾಡಿಕೊಟ್ಟಿರುವ ಆಚಾರ್ರು, ಕನಕಪುರ ರಸ್ತೆಯಲ್ಲಿ ಹಳೇ ಹಡಗಿನ ಸಾಮಾನು ಮಾರುವ ಮಳಿಗೆಯ ಮಾಲೀಕ, ಮತ್ತು ನಾನು. ನಮ್ಮ ಐದು ಜನರ ನಡುವೆ ಗೋಡೆಗೆ ಒರಗಿಸಿದ ಅರವತ್ತು ಹಲಗೆಗಳಿದ್ದವು. ಅವೂ ಹಡಗಿನಿಂದಲೇ ಬಂದವು.

ನಾನು ಅಲ್ಲಿ ಯಾಕಿದ್ದೆ ಅಂದರೆ, ನಮ್ಮ ಕುಟುಂಬದ ಬಾಡಿಗೆ ಕರಾರುಗಳನ್ನು ಬರೆಯುವವಳು ನಾನು. ಮಕ್ಕಳು ಹೈಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಹೋಗಿ ಕಾನೂನು ಓದಿದೆ. ಬನಶಂಕರಿಯ ಒಬ್ಬ ವಕೀಲರ ಕಚೇರಿಯಲ್ಲಿ ಇವತ್ತಿಗೂ ಜೂನಿಯರ್. ಐವತ್ತು ದಾಟಿದ ಜೂನಿಯರ್. ಆದರೆ ಮನೆಯವರ ಪಾಲಿಗೆ ನಾನು ಲಾಯರಮ್ಮ. ಇಂಗ್ಲಿಷಿನಲ್ಲಿ ಏನಾದರೂ ಕಾಗದ ಬಂದರೆ, ಅದು ಗ್ಯಾಸ್ ಏಜೆನ್ಸಿಯದ್ದೇ ಆಗಿರಲಿ, "ಲಾಯರಮ್ಮನ ಕರೀರಿ" ಅನ್ನುತ್ತಾರೆ.

ದೊಡ್ಡಪ್ಪ ಆ ಮಹಡಿಯನ್ನು ಹನ್ನೆರಡು ರೂಮು ಮಾಡಲು ಹೊರಟಿದ್ದರು. ಮೆಟ್ರೋ ಬಂದ ಮೇಲೆ ನಮ್ಮ ಕಡೆ ರೂಮು ಕೇಳಿಕೊಂಡು ಬರುವವರಿಗೆ ಲೆಕ್ಕವಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಮಾಲಿನಲ್ಲಿ ಕೆಲಸ ಮಾಡುವವರು, ನರ್ಸಿಂಗ್ ಓದುವವರು. ಇಟ್ಟಿಗೆ ಗೋಡೆ ಅಷ್ಟೊಂದು ಎಬ್ಬಿಸಿದರೆ ಕೆಳಗಿನ ತೊಲೆಗಳು ತಡೆಯುವುದಿಲ್ಲ ಎಂದು ಮೇಸ್ತ್ರಿ ಹೇಳಿದ್ದ. ಹಗುರವಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು ಎಂದು ಹುಡುಕುತ್ತಿದ್ದಾಗ ಈ ಹಲಗೆಗಳು ಕಣ್ಣಿಗೆ ಬಿದ್ದವು. ಯಾವುದೋ ಹಡಗಿನಲ್ಲಿ ನಾವಿಕರು ಮಲಗುವ ಕೋಣೆಗಳ ಗೋಡೆಯಾಗಿದ್ದವು. ಕೆನೆಬಣ್ಣ, ಮೇಲೆ ನುಣುಪಾದ ಹೊದಿಕೆ, ಮೂಲೆಗಳಲ್ಲಿ ಸ್ಕ್ರೂ ತೆಗೆದ ತೂತು. ಒಂದು ಹಲಗೆಯ ಮೇಲೆ ಸಾಲಾಗಿ ಗೀರು ಗೀರು ಎಳೆದಿದ್ದರು, ಐದೈದರ ಕಟ್ಟು.

"ಪಾಪ, ಯಾರೋ ಊರಿಗೆ ಹೋಗೋ ದಿನ ಎಣಿಸ್ಕೊಂಡು ಕೂತಿದ್ದ ಅನ್ಸುತ್ತೆ," ಎಂದರು ದೊಡ್ಡಮ್ಮ.

ಮಾಲೀಕ ಜೇಬಿನಿಂದ ಲೈಟರ್ ತೆಗೆದು ಒಂದು ಹಲಗೆಯ ಅಂಚಿಗೆ ಹಿಡಿದ. ನಾವೆಲ್ಲ ಬಗ್ಗಿ ನೋಡಿದೆವು.

"ನೋಡಿ ಯಜಮಾನ್ರೇ, ಕರೀ ಕಲೆ ಬಿಟ್ರೆ ಏನೂ ಇಲ್ಲ. ಬೆಂಕಿ ಹತ್ತಲ್ಲ, ಗೆದ್ಲು ಮುಟ್ಟಲ್ಲ, ನೀರಿಗೆ ಉಬ್ಬಲ್ಲ. ಸಮುದ್ರದಲ್ಲಿ ಮೂವತ್ತು ವರ್ಷ ತಿರುಗಿ ಬಂದಿರೋ ಮಾಲು."

"ನಾನೂ ಎಪ್ಪತ್ತೈದು ವರ್ಷ ತಿರುಗಿರೋ ಮಾಲೇ ಕಣಪ್ಪ," ಎಂದರು ದೊಡ್ಡಪ್ಪ. "ನಂಗೆ ಮಾತ್ರ ಲೈಟರ್ ಹಿಡೀಬೇಡ."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆದರೆ ಮರವೂ ಅಲ್ಲದ ಕಬ್ಬಿಣವೂ ಅಲ್ಲದ, ಒಬ್ಬನೇ ಎತ್ತಬಹುದಾದ ಈ ಹಲಗೆಗೆ ಬೆಂಕಿ ಯಾಕೆ ಹತ್ತುವುದಿಲ್ಲ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಆಗಲೇ ಕೂತಿತು.

"ಒರಿಜಿನಲ್ ಹಡಗಿಂದೇ ಅನ್ನಕ್ಕೆ ಕಾಗ್ದಾನೂ ಕೊಟ್ಟವ್ನೆ ಕಣವ್ವ. ತಡಿ, ತರ್ತೀನಿ," ಎಂದು ದೊಡ್ಡಪ್ಪ ಕೆಳಗಿಳಿದು ಹೋದರು. ಕಾಗದ ಬಂದದ್ದು ದೇವರ ಮನೆಯಿಂದ.

ಇಲ್ಲಿ ಹಳೇ ಊರಿನವರಿಗೆ ಕಾಗದ ಅಂದರೆ ಏನು ಎಂಬುದನ್ನು ಸ್ವಲ್ಪ ಹೇಳಬೇಕು. ನಮ್ಮ ರಾಗಿ ಹೊಲಗಳು ಲೇಔಟ್ ಆದಾಗ ಕಾಗದ ಇದ್ದವರು ಮನೆ ಕಟ್ಟಿದರು, ಇಲ್ಲದವರು ಕಚೇರಿಯಿಂದ ಕಚೇರಿಗೆ ತಿರುಗಿ ಚಪ್ಪಲಿ ಸವೆಸಿದರು. ಅದನ್ನು ಕಣ್ಣಾರೆ ಕಂಡ ತಲೆಮಾರು ದೊಡ್ಡಪ್ಪನದು. ಅವರ ಮನೆಗೆ ಯಾವ ಕಾಗದ ಬಂದರೂ, ಖಾತೆಯಾಗಲಿ, ಕಂದಾಯದ ರಸೀದಿಯಾಗಲಿ, ಮಿಕ್ಸಿಯ ಗ್ಯಾರಂಟಿ ಕಾರ್ಡೇ ಆಗಲಿ, ಮೊದಲು ಜೆರಾಕ್ಸ್, ಆಮೇಲೆ ಲ್ಯಾಮಿನೇಷನ್, ಆಮೇಲೆ ನಾಲ್ಕು ಮೂಲೆಗೆ ಅರಿಶಿನ ಕುಂಕುಮ. ನಂತರ ದೇವರ ಪಟಗಳ ಹಿಂದಿನ ಕಬ್ಬಿಣದ ಪೆಟ್ಟಿಗೆ. ಓದುವುದು ಯಾವಾಗ ಅಂದರೆ, ಜಗಳ ಬಂದಾಗ. ಅದೂ ನನ್ನ ಕೈಲಿ.

ಈ ಕಾಗದಕ್ಕೂ ಅದೇ ಮರ್ಯಾದೆ ಸಿಕ್ಕಿತ್ತು. ಮೂಲೆಗಳಲ್ಲಿ ಕುಂಕುಮ ಇನ್ನೂ ಹಸಿ. ನಾನು ಕನ್ನಡಕ ಹಾಕಿಕೊಂಡೆ. ಮೂರು ಅಂಕಣದ ಒಂದು ಇಂಗ್ಲಿಷ್ ಪಟ್ಟಿ. ಮೊದಲ ಅಂಕಣದಲ್ಲಿ ಹಡಗಿನ ಯಾವ ಭಾಗ ಅಂತ, ಎರಡನೆಯದರಲ್ಲಿ ಏನಿದೆ ಅಂತ, ಮೂರನೆಯದರಲ್ಲಿ ಎಷ್ಟು ಅಂತ. ತಲೆಬರಹ ಓದಿದೆ. ಹಡಗಿನಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿ ಅದು. ಬೆರಳಿಟ್ಟುಕೊಂಡು ಕೆಳಗಿಳಿದೆ. ನಾವಿಕರ ಕೋಣೆಯ ಗೋಡೆ ಹಲಗೆಗಳು, ಪಕ್ಕದಲ್ಲಿ ಆಸ್ಬೆಸ್ಟಾಸ್.

ನಮ್ಮಜ್ಜಿ ಅದನ್ನು ಕಲ್ನಾರು ಅನ್ನುತ್ತಿದ್ದರು. ನನಗೆ ಮಾತು ಕಲಿಸಿದವರೇ ಅಜ್ಜಿ, ಮತ್ತು ಕಣದಲ್ಲಿ ಕೂತು ಹರಟುತ್ತಿದ್ದ ಅವರ ಸರೀಕರು. ಕಲ್ಲಿನಿಂದ ಬಿಡಿಸಿದ ನಾರು, ಕಣ್ಣಿಗೆ ಕಾಣದಷ್ಟು ಸಣ್ಣದು. ಹಲಗೆ ಸುಮ್ಮನೆ ನಿಂತಿರುವಾಗ ಅಷ್ಟು ತೊಂದರೆಯಿಲ್ಲ. ಕತ್ತರಿಸಿದರೆ, ತೂತು ಕೊರೆದರೆ ಏಳುವ ದೂಳಿನಲ್ಲಿ ಅದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಹೋದದ್ದು ಹೊರಗೆ ಬರುವುದಿಲ್ಲ. ಏನು ಮಾಡಿತು ಅನ್ನುವುದು ಗೊತ್ತಾಗುವ ಹೊತ್ತಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷ ಕಳೆದಿರುತ್ತದೆ.

ತಲೆಯೆತ್ತಿ ಆಚಾರ್ರ ಕಡೆ ನೋಡಿದೆ. ಹಿಂದಿನ ದಿನವೇ ಅವರು ಅಳತೆಗೆಂದು ಆರು ಹಲಗೆ ಕತ್ತರಿಸಿದ್ದರು. ಕತ್ತರಿಸುವ ಮಿಷನ್ನಿನ ಸುತ್ತ ನೆಲದ ಮೇಲೆ ಬಿಳೀ ಪುಡಿ ಬಿದ್ದಿತ್ತು. ಇವತ್ತಿನ ಕೆಲಸಕ್ಕೆಂದು ಅವರು ಪ್ಲಗ್ ಕೈಗೆ ತೆಗೆದುಕೊಂಡಾಗಿತ್ತು.

"ಆಚಾರ್ರೇ, ಹಾಕ್ಬೇಡಿ. ಅದನ್ನ ಕೆಳಗಿಡಿ."

"ಯಾಕಮ್ಮಾ, ಕರೆಂಟ್ ಏನಾರ ಹೊಡೀತಾ?"

"ಕಾಗದ ಹೊಡೀತು," ಎಂದೆ, ಮತ್ತು ಪಟ್ಟಿಯನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ.

ಮಾಲೀಕ ಮುಂದೆ ಬಂದು ಕಾಗದವನ್ನು ಇಣುಕಿ ನೋಡಿದ. ಅವನೂ ಅದನ್ನು ಓದಿರಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕಡಲ ದಂಡೆಯಲ್ಲಿ ಹಳೇ ಹಡಗು ಒಡೆಯುವ ಯಾರ್ಡಿನವರು ಲಾರಿಯ ಜೊತೆ ಕಳಿಸಿದ್ದರು, ಹಡಗಿನ ಚಿತ್ರ ಬೇರೆ ಇತ್ತು, ಗಿರಾಕಿಗಳಿಗೆ ತೋರಿಸಲು ಚೆನ್ನಾಗಿದೆ ಎಂದು ಅವನು ಐವತ್ತು ಪ್ರತಿ ಮಾಡಿಸಿ ಇಟ್ಟುಕೊಂಡಿದ್ದ. ಮಾಲು ಅಸಲಿ ಅನ್ನುವುದಕ್ಕೆ ಹಂಚಿದ್ದು ವಿಷದ ಪಟ್ಟಿಯನ್ನು.

"ಮೇಡಂ, ಅದು ಹಳೇ ಪಟ್ಟಿ ಇರ್ಬೇಕು," ಎಂದ.

"ಹಲಗೆ ಹೊಸದಾ?"

"ಹಂಗಲ್ಲ ಮೇಡಂ. ಇವೆಲ್ಲ ಫಾರಿನ್ನವರು ಬರ್ಕೊಳ್ಳೋದು. ಅವ್ರಿಗೆ ಎಲ್ಲದಕ್ಕೂ ಭಯ."

"ಲೇ, ಇದೊಂದ್ ದೊಡ್ ಮಾತಾ?" ದೊಡ್ಡಪ್ಪ ಕುರ್ಚಿಯಿಂದ ಎದ್ದರು. "ಕಲ್ನಾರು ಶೀಟು ತಾನೆ? ನಾವೆಲ್ಲ ಶೀಟಿನ ಕೆಳಗೇ ಹುಟ್ಟಿ ಬೆಳ್ದೋರು. ನಿಮ್ಮಪ್ಪ ಶೀಟಿನ ಮನೇಲೇ ನಿನ್ನ ಸಾಕಿದ್ದು. ಸತ್ತೋದ್ವಾ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಜರಗನಹಳ್ಳಿಯ ಅರ್ಧ ಊರಿನ ತಲೆ ಮೇಲೆ ಇವತ್ತಿಗೂ ಅದೇ ಶೀಟಿದೆ. ಅಂಗಡಿಯಲ್ಲಿ ಇವತ್ತಿಗೂ ಸಿಗುತ್ತದೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸಿಮೆಂಟಿನಲ್ಲಿ ಗಟ್ಟಿಯಾಗಿ ಕೂತ ನಾರು ಬೇರೆ, ಕೊಯ್ದರೆ ಪುಡಿಪುಡಿಯಾಗುವ ಹಲಗೆಯನ್ನು ಮಿಷನ್ನಿಗೆ ಕೊಡುವುದು ಬೇರೆ ಎಂದು ಹೇಳಿದೆ. ಒಂದು ತಪ್ಪು ತಲೆ ಮೇಲಿದೆ ಅಂತ ಇನ್ನೊಂದನ್ನು ಹಾಸಿಗೆ ಪಕ್ಕ ನಿಲ್ಲಿಸಬೇಕೇ ಎಂದು ಕೇಳಿದೆ. ಹನ್ನೆರಡು ರೂಮು, ರೂಮಿಗೆ ಇಬ್ಬರು ಮೂವರು, ಪ್ರತಿಯೊಬ್ಬರೂ ಕ್ಯಾಲೆಂಡರ್ ತೂಗು ಹಾಕಲು ಒಂದು ಮೊಳೆ ಹೊಡೆಯುತ್ತಾರೆ.

"ನೀನು ಕರಾರು ಬರ್ಕೊಡು ಸಾಕು. ಗೋಡೆ ವಿಚಾರ ನಿಂಗ್ಯಾಕೆ?" ಎಂದರು ದೊಡ್ಡಪ್ಪ.

"ಈ ಗೋಡೆ ಇರೋ ರೂಮಿಗೆ ನಾನು ಕರಾರು ಬರಿಯಲ್ಲ. ಬೇರೆ ಯಾರ ಹತ್ರ ಬರೆಸಿದ್ರೂ ಬಾಡಿಗೆಗೆ ಬರೋರಿಗೆ ಈ ಪಟ್ಟೀನ ನಾನೇ ಓದಿ ಹೇಳ್ತೀನಿ."

ಅಷ್ಟು ಹೇಳಿ ಕಾಗದವನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ದೇವರ ಮನೆಯ ಕಾಗದವನ್ನು ಹೊರಗೆ ಒಯ್ಯುವುದು ನಮ್ಮ ಮನೆಯಲ್ಲಿ ಹುಂಡಿಗೆ ಕೈ ಹಾಕಿದ ಹಾಗೆ. ದೊಡ್ಡಪ್ಪನ ಕಣ್ಣು ಕೆಂಪಾಯಿತು. ದೊಡ್ಡಮ್ಮ ಮಾತ್ರ ಕೆಳಗೆ ಹೋಗಿ ಹಳೇ ಟಾರ್ಪಾಲು ಒಂದನ್ನು ಎಳೆದುಕೊಂಡು ಬಂದರು. ಆಚಾರ್ರೂ ನಾನೂ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ನೆಲದ ಪುಡಿಯ ಮೇಲೆ ನೀರು ಚಿಮುಕಿಸಿ ಒರೆಸಿ ಚೀಲದಲ್ಲಿ ಕಟ್ಟಿ, ಹಲಗೆಗಳ ಮೇಲೆ ಟಾರ್ಪಾಲು ಹೊದಿಸಿದೆವು. ಕತ್ತರಿಸಿ ಉಳಿದ ಒಂದು ತುಂಡನ್ನು ಒದ್ದೆ ಮಾಡಿ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡೆ.

ಮೆಟ್ಟಿಲಿಳಿಯುವಾಗ ಆಚಾರ್ರು ಮೆಲ್ಲಗೆ ಕೇಳಿದರು. "ಅಮ್ಮಾ, ನಿನ್ನೆ ರಾತ್ರಿ ನನ್ ಹೆಂಡ್ತಿ ಶರಟು ಕೊಡವಿ ಒಗೆದ್ಲು. ಮೊಮ್ಮಗು ಪಕ್ಕದಲ್ಲೇ ಆಡ್ತಿತ್ತು. ಅದೂ ಲೆಕ್ಕಕ್ಕೆ ಬರುತ್ತಾ?"

ಬರುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಇನ್ಮೇಲೆ ಆ ಶರಟು ಬೇಡ ಆಚಾರ್ರೇ" ಎಂದೆ.

ತುಂಡನ್ನು ಪ್ರಯೋಗಾಲಯಕ್ಕೆ ಕೊಟ್ಟೆ. ಫಲಿತಾಂಶಕ್ಕೆ ಒಂದು ವಾರ ಎಂದರು. ಆ ವಾರವೆಲ್ಲ ಕಚೇರಿಯಲ್ಲಿ ಸೀನಿಯರ್ ಕೋರ್ಟಿಗೆ ಹೋದ ಮೇಲೆ ನಾನು ಹಡಗಿನ ಕಾನೂನು ಓದಿದೆ. ಬಾಡಿಗೆ, ಜಾಮೀನು, ಪಾಲುಪಟ್ಟಿ ಬಿಟ್ಟು ಬೇರೇನೂ ಗೊತ್ತಿಲ್ಲದವಳಿಗೆ ಸಮುದ್ರವೇ ಎದುರಿಗೆ ಬಂದ ಹಾಗಾಯಿತು. ಹಡಗು ಒಡೆಯುವುದಕ್ಕೆ ನಮ್ಮಲ್ಲಿ ಕಾನೂನಿದೆ, ದೇಶದೇಶಗಳು ಕೂತು ಬರೆದುಕೊಂಡ ಒಪ್ಪಂದವೂ ಇದೆ. ಹಡಗು ಒಡೆಯಲು ಬರುವಾಗ ತನ್ನೊಳಗೆ ಏನೇನು ಕೆಟ್ಟದ್ದಿದೆ ಎಂಬ ಪಟ್ಟಿಯನ್ನು ತಾನೇ ಹೊತ್ತು ತರಬೇಕು. ಯಾವುದನ್ನು ಹೇಗೆ ಬಿಚ್ಚುತ್ತೇವೆ, ಎಲ್ಲಿಗೆ ಕಳಿಸುತ್ತೇವೆ ಎಂದು ಯಾರ್ಡಿನವರು ಮೊದಲೇ ಬರೆದು ಕೊಡಬೇಕು. ಕಲ್ನಾರನ್ನು ಒದ್ದೆ ಮಾಡಿ, ಕಟ್ಟಿ, ಅದಕ್ಕೆಂದೇ ಇರುವ ಜಾಗದಲ್ಲಿ ಹೂಳಬೇಕು. ಓದುತ್ತಾ ಹೋದರೆ ಎಷ್ಟು ಚೆನ್ನಾಗಿ ಬರೆದಿದ್ದಾರೆ ಅನ್ನಿಸುತ್ತದೆ.

ಇನ್ನೂ ಓದಿದರೆ ಸಿಟ್ಟು ಬರುತ್ತದೆ. ದೂರದ ಸಿರಿವಂತ ದೇಶದ ಕಂಪನಿ ಮೂವತ್ತು ವರ್ಷ ಹಡಗು ಓಡಿಸಿ ದುಡಿಯುತ್ತದೆ. ಕೊನೆಯ ಯಾನಕ್ಕೆ ಮುಂಚೆ ಅದನ್ನು ನಡುವಿನ ಯಾರಿಗೋ ಮಾರುತ್ತದೆ. ಅವನು ಕೇಳುವವರಿಲ್ಲದ ಯಾವುದೋ ಸಣ್ಣ ದೇಶದ ಬಾವುಟ ಏರಿಸಿ, ಹಡಗಿನ ಹೆಸರಿನ ಎರಡಕ್ಷರ ಅಳಿಸಿ, ನಮ್ಮ ದಂಡೆಗೆ ತಂದು ಮರಳ ಮೇಲೆ ಹತ್ತಿಸುತ್ತಾನೆ. ಆಮೇಲೆ ಹಡಗು ಯಾರದ್ದು ಎಂದು ಕೇಳಿದರೆ ಯಾರದ್ದೂ ಅಲ್ಲ. ಎಲ್ಲ ಯಾರ್ಡುಗಳೂ ಹೀಗೆ ಎಂದು ನಾನು ಹೇಳುವುದಿಲ್ಲ. ನಿಯಮದಂತೆ ನಡೆಯುವವರೂ ಇದ್ದಾರೆ. ಆದರೆ ನಮ್ಮ ಅರವತ್ತು ಹಲಗೆಗಳ ವಿಷಯದಲ್ಲಿ ನನ್ನನ್ನು ಹೆಚ್ಚು ಕೆರಳಿಸಿದ್ದು ಒಂದು ಸಂಗತಿ. ಪಟ್ಟಿಯನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಹಡಗು ಅದನ್ನು ಹೊತ್ತು ತಂದಿತ್ತು. ಯಾರ್ಡಿನವರು ಲಾರಿಗೆ ಕೊಟ್ಟರು, ಲಾರಿಯವನು ಮಳಿಗೆಗೆ ಕೊಟ್ಟ, ಮಳಿಗೆಯವನು ದೊಡ್ಡಪ್ಪನಿಗೆ ಕೊಟ್ಟ, ದೊಡ್ಡಪ್ಪ ದೇವರಿಗೆ ಕೊಟ್ಟರು. ಕೈಯಿಂದ ಕೈಗೆ ನಿಯತ್ತಾಗಿ ಬಂದ ಕಾಗದವನ್ನು ದಾರಿಯುದ್ದಕ್ಕೂ ಒಬ್ಬರೂ ಓದಲಿಲ್ಲ.

ಫಲಿತಾಂಶ ಬಂತು. ಪಟ್ಟಿ ಹೇಳಿದ್ದು ನಿಜವಾಗಿತ್ತು. ದೊಡ್ಡಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕನಕಪುರ ರಸ್ತೆಯ ಮಳಿಗೆಗೆ ಹೋದೆ. ಮಳಿಗೆಯೊಳಗೆ ಹಡಗಿನ ಗುಂಡು ಕಿಟಕಿಗಳು, ಹಿತ್ತಾಳೆಯ ದೀಪ, ಅಡುಗೆಮನೆಯ ದೊಡ್ಡ ದೊಡ್ಡ ಸ್ಟೀಲ್ ಸಿಂಕು. ಹಿಂಭಾಗದಲ್ಲಿ ಅದೇ ಕೆನೆಬಣ್ಣದ ಹಲಗೆಗಳ ರಾಶಿ, ನಮ್ಮ ಮನೆಯಲ್ಲಿದ್ದುದಕ್ಕಿಂತ ನಾಲ್ಕು ಪಟ್ಟು.

ಮಾಲೀಕ ಈ ಸಲ ಸಿದ್ಧನಾಗಿದ್ದ. ಯಾರನ್ನೋ ಕೇಳಿಕೊಂಡು ಬಂದಿರಬೇಕು.

"ಮೇಡಂ, ಹಡಗಿನ ಕಾನೂನು ಹಡಗಿಗೆ. ಇದು ಹಲಗೆ. ಯಾರ್ಡಿನ ಗೇಟು ದಾಟಿದ ಮೇಲೆ ಇದು ಸೆಕೆಂಡ್ ಹ್ಯಾಂಡ್ ಸಾಮಾನು ಅಷ್ಟೆ."

"ಗೇಟು ದಾಟಿದ ಮೇಲೆ ನಾರು ಸತ್ತುಹೋಗುತ್ತಾ? ಅದಕ್ಕೂ ಗೇಟ್ ಪಾಸ್ ಕೊಡ್ತಾರಾ?"

ಅವನು ನಕ್ಕ. ಕೆಟ್ಟ ಮನುಷ್ಯನಲ್ಲ. ಕಾಫಿ ತರಿಸಿದ. "ಹೋಗ್ಲಿ ಬಿಡಿ ಮೇಡಂ. ಯಜಮಾನ್ರು ನಮ್ಮೋರು. ಅರವತ್ತೂ ವಾಪಸ್ ತಗೋತೀನಿ. ಬದಲಿಗೆ ತೇಗದ ಬಾಗ್ಲು ಕೊಡ್ತೀನಿ, ಕ್ಯಾಪ್ಟನ್ ರೂಮಿಂದು. ನಾಳೆ ಬೆಳಗ್ಗೆ ಟೆಂಪೋ ಕಳಿಸ್ತೀನಿ."

ದೊಡ್ಡಪ್ಪನ ಮುಖ ಅರಳಿತು. ಒಂದು ವಾರದಲ್ಲಿ ಮೊದಲ ಬಾರಿ ನನ್ನ ಕಡೆ ನೋಡಿದರು. "ನೋಡ್ದಾ? ಇಷ್ಟೇ ವಿಷ್ಯ. ಇದಕ್ಕೆ ಊರ್ನೆಲ್ಲ ಎಬ್ಬಿಸಿ ಕೂರಿಸ್ದೆ."

ನನಗೂ ಒಂದು ಕ್ಷಣ ಹಾಯೆನಿಸಿತು. ಹಾಗನಿಸಿದ್ದನ್ನು ನಾನು ಮುಚ್ಚಿಡುವುದಿಲ್ಲ. ಮನೆಯ ಮಾನವೂ ಉಳಿಯಿತು, ಹಲಗೆಯೂ ಹೋಯಿತು. ಲೋಟ ಕೆಳಗಿಡುವಾಗ ಕೇಳಿದೆ: "ವಾಪಸ್ ತಗೊಂಡ್ ಮೇಲೆ ಏನ್ ಮಾಡ್ತೀರಿ?"

"ಏನ್ ಮಾಡದು? ಮಾರ್ತೀನಿ."

"ಯಾರಿಗೆ?"

"ಕೇಳಿದೋರಿಗೆ. ಹೊಸಕೆರೆಹಳ್ಳಿ ಕಡೆ ಒಬ್ರು ಪ್ಲೇ ಹೋಮ್ ಮಾಡ್ತಾವ್ರೆ, ಅವ್ರು ಕೇಳ್ತಿದ್ರು." ಹೇಳಿದ ಮೇಲೆ ಅವನಿಗೆ ಹೇಳಬಾರದಿತ್ತು ಅನ್ನಿಸಿತು. "ಬೆಂಗಳೂರಲ್ಲಿ ಗಿರಾಕಿಗೇನ್ ಬರ ಮೇಡಂ?" ಎಂದು ತೇಲಿಸಿದ.

"ಹಂಗಾದ್ರೆ ಹಲಗೆ ನಮ್ಮನೇಲೇ ಇರುತ್ತೆ," ಎಂದೆ.

"ನೀನು ಟೆಂಪೋ ಕಳಿಸಪ್ಪ," ಎಂದು ಮಾಲೀಕನಿಗೆ ಹೇಳಿ ಹೊರಟ ದೊಡ್ಡಪ್ಪ ವಾಪಸು ಬರುವಾಗ ಸ್ಕೂಟರ್ ಹತ್ತಲಿಲ್ಲ. ಬಸ್ಸಿನಲ್ಲಿ ಬಂದರು.

ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ನಾನು ಜರಗನಹಳ್ಳಿಯಲ್ಲಿದ್ದೆ. ನನ್ನ ಸ್ಕೂಟರನ್ನು ದೊಡ್ಡಪ್ಪನ ಗೇಟಿಗೆ ಅಡ್ಡವಾಗಿ ನಿಲ್ಲಿಸಿ ಅದರ ಮೇಲೆ ಕೂತೆ. ಕೋರ್ಟಿಗೆ ಉಡುವ ಬಿಳೀ ಸೀರೆಯಲ್ಲೇ ಹೋಗಿದ್ದೆ, ಸ್ವಲ್ಪ ಭಯ ಹುಟ್ಟಲಿ ಎಂದು. ಎಂಟು ಗಂಟೆಗೆ ಟೆಂಪೋ ಬಂತು. ಡ್ರೈವರು, ಹಿಂದೆ ಇಬ್ಬರು ಲೋಡ್ ಮಾಡುವವರು. ಹಲಗೆ ಇಳಿಸಲು ಒಂದು ಕೈ ಬೇಕೆಂದು ದೊಡ್ಡಪ್ಪ ಆಚಾರ್ರಿಗೂ ಬರಹೇಳಿದ್ದರು. ಅವರೂ ಬಂದು ಕಾಂಪೌಂಡಿನ ಪಕ್ಕ ನಿಂತಿದ್ದರು.

"ಗಾಡಿ ತೆಗಿ," ಎಂದರು ದೊಡ್ಡಪ್ಪ.

"ತೆಗಿಯಲ್ಲ ದೊಡ್ಡಪ್ಪ."

"ನನ್ ಮನೆ. ನನ್ ಗೇಟು. ನನ್ ದುಡ್ಡಲ್ಲಿ ತಂದ ಹಲಗೆ."

"ಹೌದು. ಈ ಹಲಗೆ ಹೋಗೋ ಮನೆ ಮಾತ್ರ ನಿಮ್ದಲ್ಲ. ಅಲ್ಲಿ ಮಕ್ಕಳನ್ನ ಮಲಗಿಸ್ತಾರೆ."

"ಮೇಡಂ, ನಂಗಿನ್ನೊಂದು ಟ್ರಿಪ್ ಐತೆ," ಎಂದ ಡ್ರೈವರು. "ಬೇಗ ಜಗಳ ಮುಗಿಸ್ಕೊಳ್ಳಿ."

ಎದುರು ಮನೆಯವರು ಬಾಲ್ಕನಿಗೆ ಬಂದರು. ಹಾಲಿನವನು ಸೈಕಲ್ ನಿಲ್ಲಿಸಿದ. ದೊಡ್ಡಪ್ಪನಿಗೆ ಬೀದಿಯವರ ಮುಂದೆ ದನಿ ಏರಿಸಿ ಅಭ್ಯಾಸವಿಲ್ಲ. ಆವತ್ತು ಏರಿಸಿದರು.

"ಕಾನೂನು ಕಾನೂನು ಅಂತೀಯಲ್ಲ, ನಮ್ ಹೊಲ ಹೋಗುವಾಗ ಯಾವ ಕಾನೂನು ಬಂತು? ಸೈನ್ ಹಾಕು ಅಂದ್ರು, ಹಾಕ್ದೆ. ಏನ್ ಬರ್ದೈತೆ ಅಂತ ಒಬ್ಬನಾದ್ರೂ ಓದಿ ಹೇಳಿದ್ನಾ? ಈಗ ಯಾವನೋ ಹೊಸಕೆರೆಹಳ್ಳಿಯೋನಿಗೋಸ್ಕರ ನನ್ ಮಾನ ಬೀದೀಲಿ ಹರಾಜಾಕ್ತೀಯಾ?"

ಈ ಮನುಷ್ಯ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಹೊಲದಲ್ಲಿ ತಿರುಗಿದವರು. ನಾನು ಸಂಜೆ ಕಾಲೇಜಿಗೆ ಸೇರುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ನಕ್ಕರೆ ಫಾರಂಗೆ ಮೊದಲು ಕುಂಕುಮ ಹಚ್ಚಿದವರು ಇವರೇ.

"ಯಾರೂ ಓದಿ ಹೇಳ್ಲಿಲ್ಲ ದೊಡ್ಡಪ್ಪ. ಆವತ್ತು ಯಾರಾದ್ರೂ ಹೇಳಿದ್ರೆ, ಹಿಂಗೆ ಅಡ್ಡ ನಿಂತಿದ್ರೆ, ನೀವು ಅವ್ರನ್ನ ಬೈತಿದ್ರಾ?"

ಅವರು ಲೋಡ್ ಮಾಡುವವರ ಕಡೆ ತಿರುಗಿ, "ಹಿಂದ್ಗಡೆ ಸಣ್ ಗೇಟು ಐತೆ. ಅಲ್ಲಿಂದ ಇಳಿಸ್ರಪ್ಪ. ಆಚಾರ್ರೇ, ದಾರಿ ತೋರ್ಸಿ," ಎಂದರು.

ಸಣ್ಣ ಗೇಟನ್ನು ನಾನು ಮರೆತೇಬಿಟ್ಟಿದ್ದೆ. ಒಂದು ಸ್ಕೂಟರಿನಿಂದ ಎರಡು ಗೇಟು ಮುಚ್ಚಲಾಗುವುದಿಲ್ಲ.

ಆಚಾರ್ರು ಅಲ್ಲಾಡಲಿಲ್ಲ.

"ಗೌಡ್ರೇ, ನಾನು ಮುಟ್ಟಲ್ಲ," ಎಂದರು.

"ಏನಂದೆ?"

"ನಾನು ಮುಟ್ಟಲ್ಲ ಅಂದೆ. ಮೂವತ್ತು ವರ್ಷ ನೀವೇಳಿದ್ದೆಲ್ಲ ಮಾಡಿವ್ನಿ. ಇದ್ನ ಮುಟ್ಟಲ್ಲ."

ಲೋಡ್ ಮಾಡುವವರಲ್ಲಿ ದೊಡ್ಡವನು ಕೇಳಿದ, "ಏನಣ್ಣಾ, ಏನೈತೆ ಆ ಹಲಗೇಲಿ? ದೆವ್ವ ಗಿವ್ವಾನಾ?"

"ದೆವ್ವ ಆಗಿದ್ರೆ ತಾಯತ ಕಟ್ಟಿಸ್ಕೊಬೋದಿತ್ತು," ಎಂದರು ಆಚಾರ್ರು. ಆಮೇಲೆ ನಾನು ಹೇಳಿದ್ದನ್ನೆಲ್ಲ ನನಗಿಂತ ಚೆನ್ನಾಗಿ ಹೇಳಿದರು. ಕಲ್ಲಿನ ನಾರು, ದೂಳು, ಉಸಿರು. ಈಗ ಏನೂ ಆಗಲ್ಲ, ನೀನು ಮುದುಕ ಆಗೋ ಹೊತ್ತಿಗೆ ಎದೆ ಕಲ್ಲಾಗುತ್ತೆ. ನಾನು ಆರು ಕತ್ತರಿಸಿ ಆಗೋಯ್ತು. ಶರಟಿನ ದೂಳು ಮನೆಗೂ ಹೊತ್ಕೊಂಡು ಹೋದೆ. ನೀವ್ಯಾಕೆ ಹೊರ್ತೀರ?

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಓನರ್ ನಮ್ಗೆ ಇದೆಲ್ಲ ಹೇಳ್ಲೇ ಇಲ್ವಲ್ಲ ಗುರು," ಎಂದು ಸಣ್ಣವನು ಡ್ರೈವರಿಗೆ ಹೇಳಿ, ಟೆಂಪೋ ಹತ್ತಿ ಕೂತುಬಿಟ್ಟ. ದೊಡ್ಡವನೂ ಹತ್ತಿದ. ಡ್ರೈವರು ಫೋನಿನಲ್ಲಿ ಮಾಲೀಕನ ಜೊತೆ ಎರಡು ನಿಮಿಷ ಕೂಗಾಡಿ, ಗಾಡಿ ತಿರುಗಿಸಿಕೊಂಡು ಹೋದ.

ದೊಡ್ಡಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಬಾಗಿಲು ಮತ್ತೆ ತೆರೆಯಿತು. ದೊಡ್ಡಮ್ಮ ಎರಡು ಲೋಟ ಮಜ್ಜಿಗೆ ತಂದು, ಒಂದನ್ನು ಆಚಾರ್ರಿಗೆ, ಒಂದನ್ನು ನನಗೆ ಕೊಟ್ಟರು. ಒಳಗಿನಿಂದ "ಯಾರಿಗೇ ಅದು?" ಎಂದು ದನಿ ಬಂತು.

"ಕೆಲ್ಸ ಮಾಡ್ದೋರಿಗೆ," ಎಂದರು ದೊಡ್ಡಮ್ಮ, ಅಷ್ಟೇ ಜೋರಾಗಿ.

ಅದೇ ದಿನ ಮಾಲಿನ್ಯ ನಿಯಂತ್ರಣದವರ ಕಚೇರಿಗೆ ದೂರು ಬರೆದುಕೊಟ್ಟೆ. ಪಟ್ಟಿಯ ಪ್ರತಿ, ಪ್ರಯೋಗಾಲಯದ ವರದಿ, ಹಲಗೆಗಳ ಫೋಟೋ, ಮಳಿಗೆಯ ಹಿಂಭಾಗದ ರಾಶಿ ಎಲ್ಲಿದೆ ಎಂಬ ನಕ್ಷೆ. ಮೊದಲು ಹೋದ ಟೇಬಲ್ಲಿನಲ್ಲಿ ಇದು ನಮ್ಮದಲ್ಲ ಎಂದರು, ಹಡಗಿನ ವಿಷಯ ಬಂದರಿನವರನ್ನು ಕೇಳಿ ಎಂದರು. ಬೆಂಗಳೂರಿಗೆ ಬಂದರು ಎಲ್ಲಿದೆ ತೋರಿಸಿ, ಹೋಗುತ್ತೇನೆ ಎಂದೆ. ನಾಲ್ಕನೇ ಸಲ ಹೋದಾಗ ಒಬ್ಬ ಅಧಿಕಾರಿ ಕೂತು ಪೂರ್ತಿ ಓದಿದರು. ಓದಿದವರು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಹಲಗೆಗಳು ಹೋದದ್ದು ಮತ್ತೂ ಒಂದು ತಿಂಗಳ ಮೇಲೆ. ಮೈತುಂಬ ಬಿಳೀ ಉಡುಪು, ಮುಖಕ್ಕೆ ಮುಸುಕು ಹಾಕಿದ ನಾಲ್ವರು ಬಂದು, ಪ್ರತಿ ಹಲಗೆಯನ್ನೂ ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಪಾಯದ ಚೀಟಿ ಅಂಟಿಸಿ, ಅದಕ್ಕೆಂದೇ ಇರುವ ವಾಹನದಲ್ಲಿ ತೆಗೆದುಕೊಂಡು ಹೋದರು. ಬೀದಿ ಪೂರ್ತಿ ನಿಂತು ನೋಡಿತು. ದೊಡ್ಡಪ್ಪ ಮಹಡಿಯಿಂದ ನೋಡಿದರು. ತೊಲೆ ಇರುವಲ್ಲಿ ಮಾತ್ರ ಗೋಡೆ ಎಬ್ಬಿಸಿ, ಹನ್ನೆರಡರ ಬದಲು ಏಳು ರೂಮು ಮಾಡಿದರು. ಬಾಗಿಲು ಕಿಟಕಿಗಳನ್ನೆಲ್ಲ ಆಚಾರ್ರಿಗೇ ಕೊಟ್ಟರು. ಕರಾರುಗಳನ್ನು ಮಾತ್ರ ಬೇರೆಯವರ ಹತ್ತಿರ ಬರೆಸಿದರು. ನನ್ನ ಜೊತೆ ಮಾತು ಬಿಟ್ಟು ಈಗ ಎಂಟು ತಿಂಗಳು. ಬರೆಸಲಿ, ಬಿಡಲಿ. ಆ ಏಳು ರೂಮಿನಲ್ಲಿ ಇರುವವರು ಗೋಡೆಗೆ ಎಷ್ಟು ಮೊಳೆ ಬೇಕಾದರೂ ಹೊಡೆಯಬಹುದು. ನನಗೆ ಅಷ್ಟು ಸಾಕು. ಮಾತು ಬೇಕಾದಾಗ ಅವರಿಗೆ ನನ್ನ ಮನೆ ದಾರಿ ಗೊತ್ತು.

ಮಳಿಗೆಯ ಹಿಂಭಾಗದ ರಾಶಿಗೆ ಅಧಿಕಾರಿಗಳು ಬೀಗ ಹಾಕಿ ಮೊಹರು ಮಾಡಿದರು. ಮಾಲೀಕ ಅದನ್ನು ಪ್ರಶ್ನಿಸಿ ಅರ್ಜಿ ಹಾಕಿದ. ಹಲಗೆಗಳನ್ನು ಕೈಯಾರೆ ಮುಟ್ಟಿದವರ ಹೇಳಿಕೆ ಬೇಕು ಎಂದು ಮಾಲಿನ್ಯ ನಿಯಂತ್ರಣದ ಕಚೇರಿಯಿಂದ ಪತ್ರ ಬಂತು. ದೊಡ್ಡಪ್ಪ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಹಲಗೆಗಳನ್ನು ಮೊದಲು ತಂದಿಳಿಸಿದ್ದ ಟೆಂಪೋದವರು ಫೋನ್ ಎತ್ತಲಿಲ್ಲ. ಆಚಾರ್ರನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ. ಅವರಿಗೆ ಬರುವ ಮರದ ಕೆಲಸದಲ್ಲಿ ಅರ್ಧ ಕನಕಪುರ ರಸ್ತೆಯ ಅಂಥ ಮಳಿಗೆಗಳಿಂದಲೇ ಬರುವುದು.

ವಿಚಾರಣೆಯ ದಿನ ಕಚೇರಿಯ ಮೆಟ್ಟಿಲ ಮೇಲೆ ಆಚಾರ್ರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ನಿಂತಿದ್ದರು. ದೊಡ್ಡಮ್ಮ ದಿನ, ವೇಳೆ ತಿಳಿಸಿದ್ದರಂತೆ. ಅವರನ್ನು ಒಳಗೆ ಕರೆದು ಒಂದು ಗಂಟೆ ಪ್ರಶ್ನೆ ಕೇಳಿದರು. ಕೊನೆಗೆ ಗುಮಾಸ್ತ ಹೇಳಿಕೆಯನ್ನು ಓದಿ ಹೇಳಿದ. ಅದರಲ್ಲಿ ಒಂದು ಕಡೆ 'ಅಪಾಯದ ಬಗ್ಗೆ ತಿಳಿಯದೆ ಕತ್ತರಿಸಿರುತ್ತೇನೆ' ಎಂದಿತ್ತು.

"ತಿಳೀದೆ ಅನ್ನೋದು ಸರಿ ಸಾರ್," ಎಂದರು ಆಚಾರ್ರು. "ಅದ್ರ ಮುಂದೆ, ಯಾರೂ ತಿಳಿಸ್ಲಿಲ್ಲ ಅಂತ್ಲೂ ಬರೀರಿ."

ಗುಮಾಸ್ತ ನನ್ನ ಕಡೆ ನೋಡಿದ. ಅಧಿಕಾರಿ ಬರೆಯಿರಿ ಎಂದರು. ಬರೆದ ಮೇಲೆ ಇನ್ನೊಮ್ಮೆ ಓದಿಸಿ ಕೇಳಿ, ಆಚಾರ್ರು ಪ್ರತಿ ಹಾಳೆಗೂ ಕನ್ನಡದಲ್ಲಿ ಸಹಿ ಹಾಕಿದರು. ಆಮೇಲೆ ಇಬ್ಬರೂ ಹೊರಗೆ ಬಂದು ಬನಶಂಕರಿಗೆ ಹೋಗುವ ಬಸ್ಸು ಹತ್ತಿದೆವು.